ಯೋಜನೆ ಸರಿ ಇತ್ತು, ಹುಡುಗರು ಮಾಡಲಿಲ್ಲ

ಹೋದ ತಿಂಗಳು ನಾನು ಮಾಡಿದ ಅನುವಾದಗಳಲ್ಲಿ ಅತಿ ಚಿಕ್ಕದು ಒಂದು ಪುಟದ ಪತ್ರ. ಅರ್ಧ ದಿನ ತಿಂದಿದ್ದೂ ಅದೇ. ಚೆನ್ನೈನ ಕಾಲೇಜೊಂದು ತಾಳವಾಡಿಯಲ್ಲಿರುವ ನನ್ನ ಚಿಕ್ಕಮ್ಮನಿಗೆ ಇಂಗ್ಲಿಷಿನಲ್ಲಿ ಬರೆದ ಪತ್ರ. ತಾಳವಾಡಿ ಗೊತ್ತಿಲ್ಲದವರಿಗೆ: ಲೆಕ್ಕಕ್ಕೆ ತಮಿಳುನಾಡಿನ ಈರೋಡ್ ಜಿಲ್ಲೆ, ಮನೆಮಾತು ಕನ್ನಡ, ಚಾಮರಾಜನಗರದ ಪಕ್ಕದ ಊರು. ಚಿಕ್ಕಮ್ಮನ ಮಗ ಆ ಕಾಲೇಜಿನಲ್ಲಿ ಕ್ರೀಡಾ ಕೋಟಾದ ಸೀಟಿನಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಾನೆ. ಕಬಡ್ಡಿ ತಂಡದಲ್ಲಿ ಎಡ ಕಾರ್ನರ್. ಫೀಸಿಲ್ಲ, ಹಾಸ್ಟೆಲ್ಲಿಗೆ ದುಡ್ಡಿಲ್ಲ, ಎರಡು ಹೊತ್ತು ಮೊಟ್ಟೆ. ಪತ್ರದ ಸಾರ ಇಷ್ಟು: ಈ ವರ್ಷ ತಂಡದ, ಅದರಲ್ಲೂ ನಿಮ್ಮ ಮಗನ ಆಟದ ಮಟ್ಟ ತೃಪ್ತಿಕರವಾಗಿಲ್ಲ, ಆದ್ದರಿಂದ ಮುಂದಿನ ವರ್ಷದ ಶುಲ್ಕ ವಿನಾಯಿತಿಯನ್ನು ಮರುಪರಿಶೀಲಿಸಲಾಗುವುದು. ಜೊತೆಗೆ ಕೋಚ್ ಬರೆದ ನಾಲ್ಕು ಸಾಲಿನ ವರದಿ. ತಂಡದ ಡಿಫೆನ್ಸ್ ಯೋಜನೆ ಸರಿಯಾಗಿತ್ತು, ಆಟಗಾರರು ಅದನ್ನು ಕಾರ್ಯರೂಪಕ್ಕೆ ತರಲಿಲ್ಲ. ಎಡ ಕಾರ್ನರ್: ಆರು ಪ್ರಯತ್ನ, ಒಂದು ಯಶಸ್ಸು.

ಫೋನಿನಲ್ಲಿ ಓದಿ ಹೇಳಿದೆ. ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಗಂದ್ರೆ ಏನ್ ಮಗ, ಅವ್ನು ಆಡ್ನಿಲ್ವಾ, ಇಲ್ಲಾ ಅವ್ನಿಗೆ ಆಡಕ್ಕೆ ಬರಾಕಿಲ್ವಾ?" ಅಂದರು.

ಆ ಪ್ರಶ್ನೆಗೆ ಪತ್ರದಲ್ಲಿ ಉತ್ತರ ಇರಲಿಲ್ಲ. ಆಡಲಿಲ್ಲ ಎಂದರೆ ಹುಡುಗನ ತಪ್ಪು. ಆಡಲು ಬರುವುದಿಲ್ಲ ಎಂದರೆ ಕಲಿಸಿದವರ ಕಡೆಗೂ ಒಂದು ಬೆರಳು ತಿರುಗುತ್ತದೆ. ಕೋಚ್ ಬಳಸಿದ ಇಂಗ್ಲಿಷ್ ಪದ 'ಎಕ್ಸಿಕ್ಯೂಷನ್' ಈ ಎರಡರ ನಡುವಿನ ಬಾಗಿಲನ್ನು ಮೆತ್ತಗೆ ಮುಚ್ಚಿಬಿಡುತ್ತದೆ. ಈ ಪದದ ಮೇಲೆ, ಈ ಪದದ ಹಿಂದೆ ಅವಿತು ಕೂರುವವರ ಮೇಲೆ ನನಗೆ ಸಿಟ್ಟಿದೆ. ಈ ಸಲದ ಬರಹ ಆ ಸಿಟ್ಟಿನದು.

ಎಕ್ಸಿಕ್ಯೂಷನ್‌ಗೆ ಕನ್ನಡದಲ್ಲಿ ಏನನ್ನಬೇಕು? ಮೊದಲು ಹೊಳೆಯುವುದು 'ಅನುಷ್ಠಾನ'. ಅನುಷ್ಠಾನ ಎಂದ ಕೂಡಲೇ ನಿಮಗೆ ನೆನಪಾಗುವುದು ಪೂಜೆಯಲ್ಲ, ಸರ್ಕಾರಿ ಕಡತ. ಕುಡಿಯುವ ನೀರಿನ ಯೋಜನೆ ಉತ್ತಮವಾಗಿದೆ, ಅನುಷ್ಠಾನದಲ್ಲಿ ಲೋಪವಾಗಿದೆ. ಈ ವಾಕ್ಯವನ್ನು ನಾವು ಎಷ್ಟು ಸಲ ಓದಿದ್ದೇವೆ! ಇದರ ಚಂದ ನೋಡಿ: ಯೋಜನೆ ಮಾಡಿದವರು ವಿಧಾನಸೌಧದಲ್ಲಿದ್ದಾರೆ, ಲೋಪ ಆದದ್ದು ಪಂಚಾಯ್ತಿಯಲ್ಲಿ. ಪೈಪು ಸಾಲದ ಊರಿಗೆ ಪೈಪಿನ ಯೋಜನೆ ಬರೆದವನು ಸರಿ, ಪೈಪಿಲ್ಲದೆ ನೀರು ಬಿಡದ ವಾಟರ್‌ಮ್ಯಾನ್ ತಪ್ಪು. ಕಬಡ್ಡಿ ಅಂಕಣದ ಪಕ್ಕದಲ್ಲಿ ನಿಂತು 'ಪ್ಲಾನ್ ಸರಿ ಇತ್ತು' ಎನ್ನುವ ಕೋಚ್ ಬರೆಯುತ್ತಿರುವುದು ಇದೇ ಕಡತವನ್ನು.

ಭಾಷಾಶಾಸ್ತ್ರ ಓದಿದವರಿಗೆ ಇನ್ನೊಂದು ನೆನಪಾಗುತ್ತದೆ. ಚಾಮ್‌ಸ್ಕಿ 1965ರಲ್ಲಿ ಭಾಷಿಕನಿಗೆ ಗೊತ್ತಿರುವುದನ್ನೂ ಅವನು ಆಡುವುದನ್ನೂ ಬೇರೆ ಮಾಡಿದರು. ಮಾತಾಡುವಾಗ ನಾವು ತೊದಲುತ್ತೇವೆ, ಮರೆಯುತ್ತೇವೆ, ಅರ್ಧಕ್ಕೆ ನಿಲ್ಲಿಸುತ್ತೇವೆ, ಅಷ್ಟಕ್ಕೇ ನಮಗೆ ಭಾಷೆ ಗೊತ್ತಿಲ್ಲ ಅಂತಲ್ಲ. ಗಮನಿಸಿ, ಅಲ್ಲಿ ಎರಡೂ ಒಬ್ಬನದೇ. ನಮ್ಮ ಕೋಚ್‌ಗಳು ಮಾಡಿದ ಸುಧಾರಣೆ ಎಂದರೆ ಅವನ್ನು ಎರಡು ಮೈಗಳಿಗೆ ಹಂಚಿದ್ದು: ಗೊತ್ತಿರುವುದೆಲ್ಲ ನನ್ನದು, ತೊದಲುವುದೆಲ್ಲ ಹುಡುಗರದು.

ನನ್ನ ವೃತ್ತಿಯಲ್ಲಿ ಈ ಸವಲತ್ತು ಇಲ್ಲ. ಒಮ್ಮೆ ಮಾತ್ರೆ ತೆಗೆದುಕೊಳ್ಳುವ ಕ್ರಮದ ಚೀಟಿಯೊಂದನ್ನು ಕನ್ನಡಕ್ಕೆ ತಂದೆ. ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ. ಓದಿದ ಐದು ಜನರಲ್ಲಿ ಮೂವರು ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಿದರು. 'ಅನುವಾದ ಸರಿ ಇದೆ, ಓದುಗರು ಸರಿಯಾಗಿ ಓದಲಿಲ್ಲ' ಎಂದು ನಾನು ಬಿಲ್ ಕಳಿಸಿದ್ದರೆ ಅದೇ ನನ್ನ ಕೊನೆಯ ಬಿಲ್ ಆಗುತ್ತಿತ್ತು. ಓದುವವರಿಗೆ ತಲುಪದ ಚೀಟಿ ತಪ್ಪು ಚೀಟಿ. ಈ ಏಳು ಜನ ಈ ಅಂಕಣದಲ್ಲಿ ಮಾಡಲಾಗದ ಯೋಜನೆ ತಪ್ಪು ಯೋಜನೆ. ನನ್ನ ವಾದ ಇಷ್ಟೇ. ಮಿಕ್ಕದ್ದು, ಇದನ್ನು ಯಾಕೆ ಇಷ್ಟು ಜನ ಒಪ್ಪುವುದಿಲ್ಲ ಎಂಬುದು.

ಹುಡುಗನ ರೂಮ್‌ಮೇಟ್ ಫೋನಿನಲ್ಲಿ ಹಿಡಿದ ಆ ಪಂದ್ಯದ ವಿಡಿಯೋ ತರಿಸಿಕೊಂಡು ಮೂರು ಸಲ ನೋಡಿದೆ. ನಾನು ಕಬಡ್ಡಿ ಆಡಿದವಳಲ್ಲ, ನೋಡಿದವಳು. ಆದರೆ ಎಣಿಸಲು ಆಡಿರಬೇಕಿಲ್ಲ. ಆರು ಪ್ರಯತ್ನ ನಿಜ. ಒಂದು ಯಶಸ್ಸೂ ನಿಜ. ಇನ್ನು ಆ ಐದನ್ನು ನೋಡೋಣ.

ಒಂದರಲ್ಲಿ ಅವನು ಅವಸರ ಮಾಡಿದ. ರೇಡರ್ ಇನ್ನೂ ತೂಕ ಕಾಲಿಗೆ ಹಾಕಿರಲಿಲ್ಲ, ಇವನು ಹಾರಿದ, ಕೈಗೆ ಗಾಳಿ ಸಿಕ್ಕಿತು. ಇನ್ನೊಂದರಲ್ಲಿ ರೇಡರ್ ಬೋನಸ್ ಗೆರೆಯ ಕಡೆ ಕಾಲು ಚಾಚಿದಂತೆ ಮಾಡಿ ಎಳೆದುಕೊಂಡ, ಇವನು ಆಮಿಷಕ್ಕೆ ಬಿದ್ದ. ಈ ಎರಡೂ ಅವನವೇ. ಅವನೂ ಒಪ್ಪುತ್ತಾನೆ, ಒಪ್ಪುವಾಗ ನೆಲ ನೋಡುತ್ತಾನೆ.

ಉಳಿದ ಮೂರರಲ್ಲಿ ಅವನ ಕೈ ರೇಡರಿನ ಕಣಕಾಲಿನ ಮೇಲಿದೆ. ಸರಿಯಾಗಿಯೇ ಇದೆ. ಆದರೂ ಪಾಯಿಂಟ್ ಹೋಯಿತು. ಯಾಕೆಂದರೆ ಕಬಡ್ಡಿಯಲ್ಲಿ ಕಾರ್ನರ್ ಹಿಡಿಯುವುದು ಅರ್ಧ ಹಿಡಿತ ಮಾತ್ರ. ಪ್ರಾಣಕ್ಕೆ ಬಿದ್ದು ಎಳೆಯುವ ಎಪ್ಪತ್ತೈದು ಎಂಬತ್ತು ಕಿಲೋ ಮೈಯನ್ನು ಒಂದು ಕಣಕಾಲಿನಿಂದ ನಿಲ್ಲಿಸಲಾಗದು. ಕಾರ್ನರ್ ಹಿಡಿದ ಅರೆಗಳಿಗೆಯೊಳಗೆ ಕವರ್ ಬಂದು ಎದೆಗೋ ಸೊಂಟಕ್ಕೋ ಅಡ್ಡ ಬೀಳಬೇಕು, ಪಕ್ಕದ 'ಇನ್' ಆಟಗಾರ ನಡುಗೆರೆಯ ಕಡೆಯ ದಾರಿ ಮುಚ್ಚಬೇಕು. ಇಲ್ಲದಿದ್ದರೆ ರೇಡರ್ ಕಾಲಿಗೆ ಜೋತುಬಿದ್ದವನನ್ನೇ ಚೀಲದಂತೆ ಎಳೆದುಕೊಂಡು ಹೋಗಿ ಗೆರೆ ಮುಟ್ಟುತ್ತಾನೆ. ವಿಡಿಯೋದಲ್ಲಿ ಒಮ್ಮೆ ಕವರ್ ನಿಂತಲ್ಲೇ ನಿಂತಿದ್ದಾನೆ. ಒಮ್ಮೆ ಬಂದ, ತಡವಾಗಿ ಬಂದ. ಮೂರನೆಯ ಸಲ ಬರುವ ದಾರಿಯಲ್ಲಿ 'ಇನ್' ಹುಡುಗನೇ ಅಡ್ಡ ಸಿಕ್ಕಿ ಇಬ್ಬರೂ ಡಿಕ್ಕಿ ಹೊಡೆದರು. ಸ್ಕೋರ್‌ಶೀಟಿನಲ್ಲಿ ಈ ಮೂರೂ ಬರೆದದ್ದು ಎಡ ಕಾರ್ನರ್ ಹೆಸರಿಗೆ.

ಕವರ್ ಹುಡುಗನನ್ನು ಬೈಯೋಣವೆಂದರೆ ಅವನು ತಂಡಕ್ಕೆ ಬಂದು ಹನ್ನೊಂದು ದಿನವಾಗಿತ್ತು. ಮೊದಲಿದ್ದವನ ಮೊಣಕಾಲು ಹೋಗಿತ್ತು. ಈ ಹನ್ನೊಂದು ದಿನಗಳಲ್ಲಿ ಏಳೂ ಜನ ಮ್ಯಾಟ್ ಮೇಲೆ ಒಟ್ಟಿಗೆ ಅಭ್ಯಾಸ ಮಾಡಿದ್ದು ಮೂರು ದಿನ. ಉಳಿದ ದಿನ ಮ್ಯಾಟ್ ಬೇರೆ ಆಟದವರದು, ಇವರು ಮಣ್ಣಿನಲ್ಲಿ. ಮಣ್ಣಿನಲ್ಲಿ ಬರಿಗಾಲು, ಮ್ಯಾಟ್ ಮೇಲೆ ಶೂ. ರೇಡರ್ ತಿರುಗುವ ವೇಗ ಬೇರೆ, ಹಿಡಿಯುವವನು ಜಾರುವ ದೂರ ಬೇರೆ. ಮಣ್ಣಿನಲ್ಲಿ ಕೂಡಿಬಂದ ಹೊತ್ತು ಮ್ಯಾಟ್ ಮೇಲೆ ಕೂಡಿಬರುವುದಿಲ್ಲ. ನಾಲ್ಕು ಸಾಲಿನ ವರದಿಯಲ್ಲಿ ಮೂರು ದಿನ ಎಂಬ ಸಂಖ್ಯೆ ಇಲ್ಲ. ಆರಕ್ಕೆ ಒಂದು ಎಂಬುದಿದೆ.

ಇನ್ನು ಯೋಜನೆ. ಮೊದಲರ್ಧದಲ್ಲಿ ಅಪ್ಪಣೆ: ಮುಂದೆ ಹೋಗಬೇಡಿ, ಡೂ ಆರ್ ಡೈ ರೇಡ್ ಬರುವವರೆಗೆ ಕಾಯಿರಿ. ಎರಡು ರೇಡ್ ಬರಿಗೈಯಲ್ಲಿ ಹೋದ ತಂಡ ಮೂರನೆಯದರಲ್ಲಿ ಪಾಯಿಂಟ್ ತರಲೇಬೇಕು, ಇಲ್ಲದಿದ್ದರೆ ರೇಡರ್ ಔಟ್. ಹಾಗಾಗಿ ಕಾಯುವುದು ಒಳ್ಳೆಯ ಯೋಜನೆಯೇ. ದ್ವಿತೀಯಾರ್ಧದಲ್ಲಿ ಒಂಬತ್ತು ಪಾಯಿಂಟ್ ಹಿಂದೆ ಬಿದ್ದಾಗ ಅಂಚಿನಿಂದ ಕೇಳಿಸುವುದು ಒಂದೇ ಕೂಗು: "ಪುಡಿ ಡಾ! ಪುಡಿ!" ತಮಿಳಿನಲ್ಲಿ ಹಿಡಿ ಅಂತ. ನಮ್ಮ ಹಳಗನ್ನಡದ 'ಪಿಡಿ'ಯೇ ಅದು. ನಾವು ಪಕಾರ ಕಳೆದುಕೊಂಡು 'ಹಿಡಿ' ಆದೆವು, ಅವರು ಉಳಿಸಿಕೊಂಡು ಆಡುಮಾತಿನಲ್ಲಿ 'ಪುಡಿ' ಮಾಡಿಕೊಂಡರು. ನಮ್ಮ ಹುಡುಗ ಊರಿನಲ್ಲಿ ತಮಿಳು ಮಾಧ್ಯಮದಲ್ಲೇ ಓದಿದವನು, ಅರ್ಥವಾಗದೆ ಏನಿಲ್ಲ. "ಆದ್ರೆ ಅಕ್ಕಾ, ಕೇಳ್ದಾಗೆಲ್ಲ ನಾನೇ ಪುಡಿ ಆಯ್ತಿದ್ದೀನಿ ಅನ್ನಿಸ್ತಿತ್ತು" ಎಂದು ನಕ್ಕ. ಕಾಯಿ ಎಂದು ಅಭ್ಯಾಸವಾದ ಏಳು ಮೈಗಳಿಗೆ ಹಿಡಿ ಎಂದು ಕೂಗಿದರೆ ಏನಾಗುತ್ತದೆ? ಒಬ್ಬ ಹಾರುತ್ತಾನೆ, ಆರು ಜನ ಕಾಯುತ್ತಾರೆ. ಆಗಿದ್ದು ಅದೇ.

ಇದು ಒಂದು ಕಾಲೇಜಿನ ಬಡ ತಂಡದ ಕತೆ, ದೊಡ್ಡ ಆಟದಲ್ಲಿ ಹೀಗಿರುವುದಿಲ್ಲ ಎನ್ನುತ್ತೀರಾ? ಇದೇ ಊರಿನ ತಮಿಳ್ ತಲೈವಾಸ್ ತಂಡವನ್ನು ನೋಡಿ. ಪ್ರೊ ಕಬಡ್ಡಿಗೆ 2017ರಲ್ಲಿ ಬಂತು. ಮೊದಲ ಮೂರು ಸೀಸನ್‌ಗಳಲ್ಲೂ ತನ್ನ ಪಟ್ಟಿಯ ಕೊನೆಯ ಸ್ಥಾನ. 2019ರ ತಂಡವಂತೂ ಪಾಠಪುಸ್ತಕಕ್ಕೆ ಹಾಕಬೇಕಾದದ್ದು. ರೇಡ್‌ಗೆ ಅಜಯ್ ಠಾಕೂರ್, ರಾಹುಲ್ ಚೌಧರಿ. ಡಿಫೆನ್ಸ್‌ನಲ್ಲಿ ಮಂಜೀತ್ ಛಿಲ್ಲರ್, ಮೋಹಿತ್ ಛಿಲ್ಲರ್, ರಣ್ ಸಿಂಗ್. ಮಂಜೀತ್ ಎಂದರೆ ಲೀಗ್‌ನ ಚರಿತ್ರೆಯಲ್ಲೇ ಅತಿ ಹೆಚ್ಚು ಹಿಡಿತದ ಪಾಯಿಂಟ್ ಗಳಿಸಿದವರ ಸಾಲಿನವರು. ಕೋಚ್ ಇ. ಭಾಸ್ಕರನ್, 2015ರಲ್ಲಿ ಯು ಮುಂಬಾವನ್ನು ಚಾಂಪಿಯನ್ ಮಾಡಿದವರು. ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯ ಸ್ಥಾನ. ಸೀಸನ್ ನಡುವೆ ಭಾಸ್ಕರನ್ ಬಿಟ್ಟರು, ಜೆ. ಉದಯಕುಮಾರ್ ಬಂದರು, ಸ್ಥಾನ ಅಲುಗಲಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಟೀ ಅಂಗಡಿಯಲ್ಲಿ ಆಗ ಎರಡು ಪಕ್ಷ ಇದ್ದವು. ಕೋಚನ್ನು ಬದಲಿಸಿ ಎನ್ನುವ ಪಕ್ಷ, ಇವರೆಲ್ಲ ದುಡ್ಡಿಗೆ ಆಡುವವರು ಬದ್ಧತೆಯಿಲ್ಲ ಎನ್ನುವ ಪಕ್ಷ. ಮೊದಲ ಪಕ್ಷದ ಬೇಡಿಕೆ ಸೀಸನ್ ನಡುವೆಯೇ ಈಡೇರಿತು, ಫಲ ಕಾಣಲಿಲ್ಲ. ಎರಡನೆಯ ಪಕ್ಷದವರು ಮಂಜೀತ್ ಛಿಲ್ಲರ್‌ಗೆ ಹಿಡಿಯಲು ಬರುವುದಿಲ್ಲ ಎಂದು ಸಾಧಿಸಬೇಕಿತ್ತು, ಅದು ಯಾರಿಂದಲೂ ಆಗುವಂಥದ್ದಲ್ಲ. ನಾನು ನೋಡಿದ್ದು ಇಷ್ಟು: ಬೇರೆ ಬೇರೆ ತಂಡಗಳಲ್ಲಿ ಬೇರೆ ಬೇರೆ ತಾಳಕ್ಕೆ ಪಳಗಿದ ದೊಡ್ಡ ಕೈಗಳು ಒಂದೇ ಅಂಕಣದಲ್ಲಿ ತಂತಮ್ಮ ಹೊತ್ತಿಗೆ ಹಾರುತ್ತಿದ್ದವು. ಹರಾಜು ಏಪ್ರಿಲ್‌ನಲ್ಲಿ, ಲೀಗ್ ಜುಲೈನಲ್ಲಿ. ಹರಾಜಿನಲ್ಲಿ ಕೈಗಳನ್ನು ಕೊಳ್ಳಬಹುದು. ಕವರ್ ಯಾವಾಗ ಬರುತ್ತಾನೆ ಎಂದು ಕಾರ್ನರ್‌ಗೆ ಬೆನ್ನಿನಲ್ಲಿ ಗೊತ್ತಾಗುವ ಆ ಅರಿವನ್ನು ಕೊಳ್ಳಲಾಗುವುದಿಲ್ಲ.

ಫುಟ್‌ಬಾಲ್ ಪ್ರೇಮಿಗಳು ಇನ್ನೂ ಒಂದು ಕತೆ ಬಲ್ಲರು, ಅದರಲ್ಲೂ ಬೆಂಗಳೂರಿನವರು ಮರೆಯಲಾರರು. 2018ರ ಮಾರ್ಚ್ 17, ಕಂಠೀರವ ಕ್ರೀಡಾಂಗಣ, ಐಎಸ್‌ಎಲ್ ಫೈನಲ್. ಸುನಿಲ್ ಛೆಟ್ರಿ ಮೊದಲೇ ಗೋಲು ಹೊಡೆದು ಕ್ರೀಡಾಂಗಣ ಎದ್ದು ಕುಣಿಯಿತು. ಆಮೇಲೆ ಚೆನ್ನೈಯಿನ್ ತಂಡದ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಎರಡು ಗೋಲು ಹೊಡೆದು ಸುಮ್ಮನಾಗಿಸಿದ. 3-2. ಕೋಚ್ ಜಾನ್ ಗ್ರೆಗರಿ ಚೆನ್ನೈಯಲ್ಲಿ ದೇವರು. ಮುಂದಿನ ಸೀಸನ್, ಅದೇ ಗ್ರೆಗರಿ, ಅದೇ ಆಲ್ವೆಸ್, 18 ಪಂದ್ಯಗಳಲ್ಲಿ 9 ಅಂಕ, ಕೊನೆಯ ಸ್ಥಾನ. ಅದರ ಮುಂದಿನ ಸೀಸನ್ ಆರು ಪಂದ್ಯ ಆಗುವಷ್ಟರಲ್ಲಿ ಗ್ರೆಗರಿ ಹೊರಟರು, ಓವನ್ ಕಾಯ್ಲ್ ಬಂದರು. ಅದೇ ಆಟಗಾರರು 2020ರ ಮಾರ್ಚ್‌ನಲ್ಲಿ ಫೈನಲ್ ಆಡಿದರು. ಗೋವಾದಲ್ಲಿ, ಕೋವಿಡ್ ಭಯಕ್ಕೆ ಖಾಲಿ ಇದ್ದ ಕ್ರೀಡಾಂಗಣದಲ್ಲಿ, ಎಟಿಕೆ ಎದುರು ಸೋತರು.

ಈ ಕತೆಯಿಂದ ಕೋಚೇ ಎಲ್ಲ ಎಂದೂ ಹೇಳಬಹುದು, ಕೋಚ್ ಏನೂ ಅಲ್ಲ ಎಂದೂ ಹೇಳಬಹುದು. ಮೊದಲ ಅರ್ಧ ಓದಿದರೆ ಒಂದು, ಎರಡನೇ ಅರ್ಧ ಓದಿದರೆ ಇನ್ನೊಂದು. ಯಾಕೆಂದರೆ ಪ್ರಶ್ನೆಯೇ ತಪ್ಪು. ಕೋಚ್ ದೊಡ್ಡವನೋ ಆಟಗಾರ ದೊಡ್ಡವನೋ ಎಂಬುದು ಟೀ ಅಂಗಡಿಯ ಪ್ರಶ್ನೆ. ಸೋತ ಮೇಲೆ ಯಾರಿಗೆ ಯಾವ ವಾಕ್ಯ ಹೇಳುವ ಹಕ್ಕಿದೆ ಎಂಬುದು ನನ್ನ ಪ್ರಶ್ನೆ. 'ನಾನು ಸರಿಯಾಗಿ ಹಿಡಿಯಲಿಲ್ಲ' ಎಂದು ಆಟಗಾರ ಹೇಳಬಹುದು, ಹೇಳಬೇಕು. 'ಅವನು ಸರಿಯಾಗಿ ಹಿಡಿಯಲಿಲ್ಲ' ಎಂದು ಕೋಚ್ ಹೇಳುವಂತಿಲ್ಲ. ಅವನನ್ನು ಆರಿಸಿದ್ದು ನೀವು, ಆ ಜಾಗದಲ್ಲಿ ನಿಲ್ಲಿಸಿದ್ದು ನೀವು, ಪಕ್ಕದಲ್ಲಿ ಯಾರಿರಬೇಕೆಂದು ತೀರ್ಮಾನಿಸಿದ್ದು ನೀವು, ಬೆಳಿಗ್ಗೆ ಐದೂವರೆಯಿಂದ ಏಳೂವರೆಯವರೆಗೆ ಏನು ಮಾಡಬೇಕೆಂದು ಹೇಳಿದ್ದು ನೀವು.

ತಲೈವಾಸ್ ಕತೆ 2019ಕ್ಕೆ ಮುಗಿಯುವುದಿಲ್ಲ, ನನ್ನ ವಾದಕ್ಕೆ ಅನುಕೂಲವಾದ ಕಡೆ ನಿಲ್ಲಿಸಿದರೆ ಮೋಸವಾಗುತ್ತದೆ. 2022ರಲ್ಲಿ ಪವನ್ ಸೆಹ್ರಾವತ್‌ಗೆ 2.26 ಕೋಟಿ ಕೊಟ್ಟು ತಂದರು, ಆಗ ಅದು ಲೀಗ್‌ನ ದಾಖಲೆ. ಬೆಂಗಳೂರಿನಲ್ಲಿ ಮೊದಲ ಪಂದ್ಯದಲ್ಲೇ ಪವನ್ ಮೊಣಕಾಲು ಹೋಯಿತು. ರೇಡ್ ಮಾಡುವಾಗಲ್ಲ, ಹಿಡಿಯಲು ಹೋದಾಗ. ಸೀಸನ್ ನಡುವೆ ಕೋಚ್ ಬದಲಾಗಿ ಉದಯಕುಮಾರ್ ಜಾಗಕ್ಕೆ ಆಶನ್ ಕುಮಾರ್ ಬಂದರು. ಉಳಿದದ್ದು ಸಾಗರ್, ಸಾಹಿಲ್ ಗುಲಿಯಾ, ಎಂ. ಅಭಿಷೇಕ್, ಮೋಹಿತ್ ಎಂಬ ಹುಡುಗರ ಡಿಫೆನ್ಸ್. ಸಾಗರ್, ಅಭಿಷೇಕ್ ಹಿಂದಿನ ಸೀಸನ್‌ನಿಂದಲೂ ಅಲ್ಲೇ ಇದ್ದವರು. ತಲೈವಾಸ್ ಮೊದಲ ಸಲ ಪ್ಲೇಆಫ್ ಮುಟ್ಟಿತು, ಯುಪಿ ಯೋಧಾಸ್ ತಂಡವನ್ನು ಟೈಬ್ರೇಕರ್‌ನಲ್ಲಿ ದಾಟಿತು, ಸೆಮಿಫೈನಲ್‌ನಲ್ಲಿ ಪುಣೇರಿ ಪಲ್ಟನ್‌ಗೆ 37-39ರಲ್ಲಿ ಸೋತಿತು. ದೊಡ್ಡ ಹೆಸರು ಮೂಲೆಯಲ್ಲಿ ಐಸ್‌ಪ್ಯಾಕ್ ಇಟ್ಟುಕೊಂಡು ಕೂತಿತ್ತು, ಚಿಕ್ಕ ಹೆಸರುಗಳು ಒಟ್ಟಿಗೆ ಹಾರಲು ಕಲಿತಿದ್ದವು. ಇಷ್ಟಕ್ಕೆ ನಿಲ್ಲಿಸಿದರೆ ಚಪ್ಪಾಳೆ ಬೀಳುತ್ತದೆ.

ಆದರೆ ಮುಂದಿನ ಸೀಸನ್, ಅದೇ ಆಶನ್ ಕುಮಾರ್, ಹೆಚ್ಚುಕಮ್ಮಿ ಅದೇ ಡಿಫೆನ್ಸ್, ಒಂಬತ್ತನೆಯ ಸ್ಥಾನ. ಕ್ರಿಸ್‌ಮಸ್ ವಾರ ಜವಾಹರಲಾಲ್ ನೆಹರೂ ಒಳಾಂಗಣ ಕ್ರೀಡಾಂಗಣದಲ್ಲಿ ತವರಿನ ಪಂದ್ಯಗಳು. ಊರು ಆಗಷ್ಟೇ ಮಿಚಾಂಗ್ ಚಂಡಮಾರುತದ ನೀರಿನಿಂದ ಎದ್ದಿತ್ತು. ನಾನು ಒಂದು ಪಂದ್ಯಕ್ಕೆ ಹೋಗಿದ್ದೆ. ಹಿಂದಿನ ಸಾಲಿನವರು ಸಾಹಿಲ್ ಗುಲಿಯಾ ಹಿಡಿದಾಗಲೆಲ್ಲ ಎದ್ದು ಕೂಗುತ್ತಿದ್ದರು, ಅರ್ಧ ನಿಮಿಷ ಬಿಟ್ಟು ತಂಡವನ್ನು ಬೈಯುತ್ತಿದ್ದರು. ನನ್ನ ವಿರುದ್ಧ ವಾದ ಮಾಡುವವರು ಇದನ್ನೇ ಹಿಡಿಯಬೇಕು: ಕಲಿಸಿದವರೂ ಅವರೇ, ಕಲಿತವರೂ ಅವರೇ, ಒಟ್ಟಿಗೆ ಇನ್ನೂ ಒಂದು ವರ್ಷ ಪಳಗಿದ್ದಾರೆ, ಮತ್ತೇಕೆ ಸೋತರು? ಹುಡುಗರು ಮಾಡಲಿಲ್ಲ ಅಂತ ತಾನೆ?

ಇದಕ್ಕೆ ಕಬಡ್ಡಿಯ ಒಂದು ನಿಯಮ ಬಿಡಿಸಿ ಹೇಳಬೇಕು. ನೋಡಿ ನೋಡಿ ನಮಗೆ ಇದು ಕಣ್ಣಿಗೇ ಬೀಳುವುದಿಲ್ಲ. ಔಟಾದ ಆಟಗಾರ ತಾನಾಗಿ ವಾಪಸ್ ಬರುವಂತಿಲ್ಲ. ಅವನ ತಂಡ ಎದುರಾಳಿಯನ್ನು ಔಟ್ ಮಾಡಿದಾಗ, ಒಂದಕ್ಕೆ ಒಬ್ಬನಂತೆ, ಹೋದ ಸರದಿಯಲ್ಲೇ ಜೀವ ಬರುತ್ತದೆ. ಬೋನಸ್ ಪಾಯಿಂಟಿಗೆ ಜೀವ ಬರುವುದಿಲ್ಲ. ಅಂದರೆ ಡಿಫೆಂಡರ್ ಅಂಕಣದಲ್ಲಿ ಇರುತ್ತಾನೋ ಬೆಂಚಿನಲ್ಲಿ ಇರುತ್ತಾನೋ ಎಂಬುದು ತನ್ನ ತಂಡದ ರೇಡರ್ ಏನು ತಂದ ಎಂಬುದರ ಮೇಲಿದೆ. ನಿಮ್ಮ ರೇಡರ್‌ಗಳು ಬರಿಗೈಯಲ್ಲಿ ಬರುತ್ತಿದ್ದರೆ ನಿಮ್ಮ ಡಿಫೆನ್ಸ್ ಏಳರಿಂದ ಐದಕ್ಕೆ, ನಾಲ್ಕಕ್ಕೆ ಇಳಿಯುತ್ತದೆ. ಹತ್ತು ಮೀಟರ್ ಅಗಲದ ಅಂಕಣದಲ್ಲಿ ಏಳು ಜನ ಕೈ ಹಿಡಿದು ನಿಂತರೆ ಗೋಡೆ, ನಾಲ್ಕು ಜನ ನಿಂತರೆ ಅದು ಬೇಲಿಯ ಕಂಬ. ಆಗ ಕಾರ್ನರ್ ಹಿಡಿದರೂ ಕವರ್ ಬರುವುದಿಲ್ಲ, ಯಾಕೆಂದರೆ ಕವರ್ ಬೆಂಚಿನಲ್ಲಿದ್ದಾನೆ. ಮೂರಕ್ಕಿಳಿದಾಗ ಹಿಡಿದರೆ ಸೂಪರ್ ಟ್ಯಾಕಲ್, ಎರಡು ಪಾಯಿಂಟ್. ಹಾಗಾಗಿ ಸೋಲುತ್ತಿರುವ ತಂಡದ ಡಿಫೆಂಡರ್‌ನ ಲೆಕ್ಕ ಕೆಲವೊಮ್ಮೆ ಚಂದ ಕಾಣುತ್ತದೆ, ತಂಡ ಮಾತ್ರ ಮುಳುಗುತ್ತಿರುತ್ತದೆ. ಡಿಫೆನ್ಸ್ ಕುಸಿಯಿತು ಎಂದು ನಾವು ಕರೆಯುವ ಎಷ್ಟೋ ಸೋಲುಗಳು ರೇಡರ್‌ಗಳ ಸೋಲು, ಅವರನ್ನು ಯಾವ ಸರದಿಯಲ್ಲಿ ಕಳಿಸಬೇಕೆಂದು ನಿರ್ಧರಿಸಿದವರ ಸೋಲು. ಜೊತೆಗೆ ಎದುರಾಳಿ ಕೋಚ್‌ಗಳೂ ವಿಡಿಯೋ ನೋಡುತ್ತಾರೆ. ಹೋದ ವರ್ಷ ಸಾಗರ್ ಯಾವ ಹೆಜ್ಜೆಗೆ ಹಾರುತ್ತಾನೆ ಎಂದು ಈ ವರ್ಷ ಹನ್ನೊಂದು ತಂಡಗಳಿಗೆ ಗೊತ್ತು. ಹೊಸದೇನು ಕಲಿಸಿದಿರಿ ಎಂದು ಕೇಳಬೇಕಾದದ್ದು ಯಾರನ್ನು?

ಬೆಂಗಳೂರಿನ ಗೆಳೆಯರು ಇಷ್ಟು ಹೊತ್ತಿಗೆ ಬುಲ್ಸ್ ಹೆಸರು ತೆಗೆದಿರುತ್ತಾರೆ. ಲೀಗ್ ಶುರುವಾದ 2014ರಿಂದ ಒಬ್ಬರೇ ಕೋಚ್, ರಣಧೀರ್ ಸಿಂಗ್ ಸೆಹ್ರಾವತ್. ಆರನೇ ಸೀಸನ್ನಿನ ಕಪ್ಪು ಅವರದೇ ಕಾಲದ್ದು. ಹನ್ನೊಂದನೇ ಸೀಸನ್‌ನಲ್ಲಿ 22 ಪಂದ್ಯಗಳಿಗೆ 2 ಗೆಲುವು, ಕೊನೆಯ ಸ್ಥಾನ. ನಂತರ ನಮ್ಮ ಬಿ.ಸಿ. ರಮೇಶ್ ಬಂದರು, ಬೆಂಗಾಲ್ ವಾರಿಯರ್ಸ್ ಮತ್ತು ಪುಣೇರಿ ಪಲ್ಟನ್ ಎರಡಕ್ಕೂ ಕಪ್ ಗೆಲ್ಲಿಸಿದವರು, ಬುಲ್ಸ್ ಪ್ಲೇಆಫ್‌ಗೆ ಹೋಯಿತು. ನನಗೂ ಖುಷಿಯಾಯಿತು. ಆದರೆ ಇದನ್ನು ನನ್ನ ಪರವಾದ ಸಾಕ್ಷಿ ಎಂದು ನಾನು ಕೊಡುವುದಿಲ್ಲ. ತಂಡವನ್ನೂ ಬುಡಸಮೇತ ಬದಲಿಸಿದ್ದರು. ಅಡುಗೆಯವರನ್ನೂ ಅಕ್ಕಿಯನ್ನೂ ಒಟ್ಟಿಗೆ ಬದಲಿಸಿ ಅನ್ನ ಚೆನ್ನಾಗಾಯಿತೆಂದರೆ ಯಾವುದರಿಂದ ಎಂದು ಹೇಳುವುದು?

ಒಬ್ಬ ಸ್ನೇಹಿತರು, ಶಾಲೆಯಲ್ಲಿ ಪಿ.ಟಿ. ಮೇಷ್ಟರಾಗಿದ್ದವರು, ಈ ಬರಹದ ಮೊದಲ ಕರಡು ಓದಿ ರೇಗಿದರು. "ನೀನು ಹುಡುಗರನ್ನ ಮಕ್ಕಳು ಮಾಡ್ತಿದೀಯ ಕಣಮ್ಮ. ಬೆಳಿಗ್ಗೆ ಬರಲ್ಲ, ರಾತ್ರಿ ಎರಡರವರೆಗೆ ಫೋನು, ಹೇಳಿದ್ದು ಕೇಳಲ್ಲ. ಅದಕ್ಕೂ ನಾನೇ ಜವಾಬ್ದಾರನಾ?" ಇಲ್ಲ ಸರ್. ಬಾರದಿದ್ದರೆ ಹಾಜರಾತಿ ತೋರಿಸಿ ಹೊರಗಿಡಿ, ಅದು ನಿಮ್ಮ ಹಕ್ಕು. ಕುಡಿದು ಬಂದವನನ್ನು, ಅಂಪೈರ್ ಮೇಲೆ ಕೈ ಎತ್ತಿದವನನ್ನು ಕಳಿಸಿಬಿಡಿ. ಅದು ನಡತೆಯ ಪ್ರಶ್ನೆ, ಅದಕ್ಕೆ ಬೇರೆ ಪದಗಳಿವೆ. ನಾನು ಹೇಳುತ್ತಿರುವುದು ಐದೂವರೆಗೆ ಬಂದು ಏಳೂವರೆವರೆಗೆ ಬೆವರಿ, ಪಂದ್ಯದಲ್ಲಿ ಕಾಲು ಹಿಡಿದು, ಹಿಡಿದ ಕಾಲು ಕೈಜಾರಿ ಹೋದವನ ಬಗ್ಗೆ. ಲೀಗ್‌ನ ಒಳ್ಳೊಳ್ಳೆಯ ಡಿಫೆಂಡರ್‌ಗಳೇ ಮಾಡುವ ಪ್ರಯತ್ನಗಳಲ್ಲಿ ಸುಮಾರು ಅರ್ಧ ಸೋಲುತ್ತವೆ. ಈ ಕಸುಬಿನಲ್ಲಿ ಸೋಲುವುದು ದಿನದ ಕೆಲಸ. ಹಿಡಿತ ತಪ್ಪುವುದನ್ನೇ ಅಪರಾಧ ಮಾಡಿದರೆ ಹುಡುಗ ಕಲಿಯುವುದು ಹಿಡಿಯುವುದನ್ನಲ್ಲ, ಹಿಡಿಯದೆ ಇರುವುದನ್ನು. ಪ್ರಯತ್ನವೇ ಮಾಡದ ಡಿಫೆಂಡರ್ ಹೆಸರಿನ ಮುಂದೆ ಸೋಲು ಬರೆಯಲಾಗುವುದಿಲ್ಲ. ಆ ಪಂದ್ಯದಲ್ಲಿ ಬಲ ಕಾರ್ನರ್ ಒಂದೇ ಒಂದು ಸಲ ಮುಂದೆ ಹೋದ. ಅವನ ಮನೆಗೆ ಪತ್ರ ಹೋಗಿಲ್ಲ.

ಒಮ್ಮೆ ಆದ ತಪ್ಪು ಆಟಗಾರನದು ಎಂದು ಒಪ್ಪೋಣ. ಅದೇ ತಪ್ಪು, ಅದೇ ಜಾಗದಲ್ಲಿ, ಮೂರು ಪಂದ್ಯ ಸತತವಾಗಿ ಆದರೆ? ಕವರ್ ತಡವಾಗಿ ಬರುವುದು ಮೂರು ಪಂದ್ಯದಿಂದ ಕಾಣುತ್ತಿದ್ದರೆ ಅದು ಅಂಕಣದಲ್ಲಿ ಆದ ತಪ್ಪಲ್ಲ, ಅಭ್ಯಾಸದಲ್ಲಿ ಆಗದೆ ಉಳಿದ ಕೆಲಸ. ಆ ಮೇಷ್ಟರು ಇದಕ್ಕೆ ಉತ್ತರ ಹೇಳಲಿಲ್ಲ, ಕಾಫಿ ಕೊಟ್ಟರು.

ಕಾಲೇಜಿನ ಕೋಚ್ ಬಗ್ಗೆಯೂ ನ್ಯಾಯವಾಗಿ ಒಂದು ಮಾತು. ಅವರನ್ನು ಒಮ್ಮೆ ಭೇಟಿಯಾದೆ. ಕಬಡ್ಡಿ ಜೊತೆಗೆ ಇನ್ನೆರಡು ಆಟ ಅವರ ತಲೆ ಮೇಲಿದೆ. ಒಂದೇ ಮ್ಯಾಟು. ಗುತ್ತಿಗೆ ವರ್ಷಕ್ಕೊಮ್ಮೆ ನವೀಕರಣ. ತಂಡ ಸೋತರೆ ಅವರಿಗೂ ಒಂದು ಪತ್ರ ಬರುತ್ತದೆ. ತಾನು ಹೇಳಿದ್ದನ್ನು ಹುಡುಗರು ಮಾಡಲಿಲ್ಲ ಎಂದು ಅವರು ಬರೆದದ್ದು ದುಷ್ಟತನದಿಂದಲ್ಲ, ಅವರ ಮೇಲಿನವರಿಗೆ ಓದಲು ಸುಲಭವಾದ ವಾಕ್ಯ ಅದೊಂದೇ ಎಂಬ ಕಾರಣಕ್ಕೆ. 'ಮ್ಯಾಟ್ ಸಿಕ್ಕಿದ್ದು ಹನ್ನೊಂದರಲ್ಲಿ ಮೂರು ದಿನ' ಎಂದು ಬರೆದಿದ್ದರೆ ಆ ವಾಕ್ಯ ಮೇಲಕ್ಕೆ ಹೋಗುತ್ತಿತ್ತು, ಮೇಲೆ ಹೋದ ವಾಕ್ಯಗಳು ಬರೆದವರ ಮೇಲೇ ಬೀಳುತ್ತವೆ. ಕೆಳಗೆ ಹೋಗುವ ವಾಕ್ಯದಿಂದ ಬರೆದವನಿಗೆ ಅಪಾಯವಿಲ್ಲ. ಕೆಳಗಿರುವವನು ಹತ್ತೊಂಬತ್ತು ವರ್ಷದ ಹುಡುಗ, ಅವನ ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ.

ಅವರಿಗೆ ನಾನು ಇಷ್ಟೇ ಹೇಳಿದೆ: ಸರ್, ಆರಕ್ಕೆ ಒಂದು ಅನ್ನೋದು ನಿಜ, ಅದರ ಪಕ್ಕ ಮೂರು ದಿನ ಅನ್ನೋದನ್ನೂ ಬರೀರಿ. ಅವರು ನನ್ನನ್ನು ನೋಡಿದ ರೀತಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು. "ಪಾರ್ಕಲಾಂ ಮಾ" ಅಂದರು. ನೋಡೋಣಮ್ಮ. ಎರಡು ಭಾಷೆಯಲ್ಲೂ ಅದರರ್ಥ ಆಗುವುದಿಲ್ಲ ಎಂದೇ.

ಲೀಗ್‌ನಲ್ಲಿ ಕೋಟಿ ಪಡೆಯುವ ಆಟಗಾರನಿಗೆ ಮುಂದಿನ ಹರಾಜಿದೆ, ಕೋಚ್‌ಗೆ ಮುಂದಿನ ತಂಡವಿದೆ. ಭಾಸ್ಕರನ್, ಉದಯಕುಮಾರ್, ಆಶನ್ ಕುಮಾರ್ ಬಂದರು, ಹೋದರು, ಮತ್ತೆ ಬಂದವರೂ ಇದ್ದಾರೆ. ಅಲ್ಲಿ 'ಹುಡುಗರು ಮಾಡಲಿಲ್ಲ' ಎಂಬ ಮಾತು ಮರುದಿನದ ಪತ್ರಿಕೆಗೆ ಮುಗಿಯುತ್ತದೆ. ಕಾಲೇಜಿನಲ್ಲಿ ಅದೇ ಮಾತಿಗೆ ಜೂನ್ ತಿಂಗಳಲ್ಲಿ ಒಂದು ಚಲನ್ ಬರುತ್ತದೆ. ಮುಂದಿನ ವರ್ಷದ ಫೀಸು, ಹಾಸ್ಟೆಲ್ಲು ಸೇರಿ ಕಟ್ಟಬೇಕಾದ ಮೊತ್ತವನ್ನು ಚಿಕ್ಕಮ್ಮನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ: "ಎಲ್ಡು ಹಸ ಮಾರುದ್ರೆ ಆಯ್ತದಾ?" ಆಗುವುದಿಲ್ಲ, ಮೂರು ಮಾರಬೇಕು.

ಚಿಕ್ಕಮ್ಮನ ಹೆಸರಿನಲ್ಲಿ ಕಾಲೇಜಿಗೆ ಉತ್ತರ ಬರೆದುಕೊಟ್ಟೆ. ಕನ್ನಡದಲ್ಲಿ ಅವರು ಹೇಳಿದರು, ಇಂಗ್ಲಿಷಿನಲ್ಲಿ ನಾನು ಬರೆದೆ, ಸಹಿ ಅವರದು. ಬೇಡಿಕೊಂಡಿಲ್ಲ. ಮೂರು ಕಾಗದ ಕೇಳಿದ್ದೇವೆ: ಈ ವರ್ಷದ ಅಭ್ಯಾಸದ ಹಾಜರಾತಿ, ಮ್ಯಾಟ್ ಯಾವ ದಿನ ಯಾವ ತಂಡಕ್ಕೆ ಕೊಟ್ಟಿದ್ದರೆಂಬ ಪಟ್ಟಿ, ಕಳೆದ ಮೂರು ಪಂದ್ಯಗಳ ಸ್ಕೋರ್‌ಶೀಟ್. ಜೊತೆಗೆ ವಿಡಿಯೋದ ಪ್ರತಿ, ಆರು ಪ್ರಯತ್ನಗಳ ನಿಮಿಷ-ಸೆಕೆಂಡ್ ಗುರುತು ಹಾಕಿ. ಅಂಚೆಯಲ್ಲಿ ಹೋಗಿ ಹದಿನಾರು ದಿನವಾಯಿತು. ಹುಡುಗ ಸದ್ಯ ಎರಡನೇ ತಂಡದಲ್ಲಿದ್ದಾನೆ, ಮಣ್ಣಿನ ಅಂಕಣದಲ್ಲಿ ಕವರ್ ಜಾಗದಲ್ಲಿ ನಿಲ್ಲಿಸಿದ್ದಾರಂತೆ. "ಈಗ ಗೊತ್ತಾಯ್ತದೆ ಅಕ್ಕಾ, ಅವ್ನು ಯಾಕೆ ತಡವಾಗಿ ಬತ್ತಿದ್ದ ಅಂತ. ಅಲ್ಲಿಂದ ಕಾರ್ನರ್ ಕೈ ಕಾಣಾಕಿಲ್ಲ" ಎಂದ. ಕಾಲೇಜಿನಿಂದ ಉತ್ತರ ಬಂದರೆ ತಿಳಿಸುತ್ತೇನೆ.